ಕಂಪನಿಯ ಹಣ ಬರಲಿ, ಮಕ್ಕಳ ಕೈ ಬಿಡದಿರಲಿ

(ಸಂಘದ ಸಭೆಯಲ್ಲಿ ಓದಿ ಚರ್ಚಿಸುವ ಪಾಠ)



ಹಲವು ಒಕ್ಕೂಟಗಳ ಸಭೆಯಲ್ಲಿ ಈಗ ಒಂದೇ ಮಾತು ಕೇಳಿಬರುತ್ತಿದೆ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ತನಕ ಹೇಗೋ ಬರ್ತಾರೆ. ಆಮೇಲೆ ಯಾವ ಕೋರ್ಸು, ಯಾವ ಹಾಸ್ಟೆಲು, ಅರ್ಜಿ ಎಲ್ಲಿ ಹಾಕಬೇಕು ಅಂತ ಹೇಳಿಕೊಡುವವರು ಮನೆಯಲ್ಲಿ ಇಲ್ಲ. ಒಂದು ವಿಷಯದಲ್ಲಿ ಫೇಲ್ ಆದರೆ ಹುಡುಗ ಗಾರೆ ಕೆಲಸಕ್ಕೆ, ಹುಡುಗಿ ಮದುವೆಗೆ. ಆದ್ದರಿಂದ ಒಬ್ಬೊಬ್ಬ ಮಗುವಿಗೆ ಓದಿ ಕೆಲಸದಲ್ಲಿರುವ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡಿ, ತಿಂಗಳಿಗೆ ಎರಡು ಸಲವಾದರೂ ಕೂತು ಮಾತಾಡುವ ಹಾಗೆ ಮಾಡಬೇಕು ಎಂಬ ಯೋಚನೆ ಬಂದಿದೆ. ಪಟ್ಟಣದವರು ಇದಕ್ಕೆ ಮೆಂಟರಿಂಗ್ ಅನ್ನುತ್ತಾರೆ. ನಾವು ಮಾರ್ಗದರ್ಶಿ ಕಾರ್ಯಕ್ರಮ ಎನ್ನೋಣ. ಬೆಂಗಳೂರಿನಲ್ಲಿ 2009ರಲ್ಲಿ ಶುರುವಾದ ಮೆಂಟರ್ ಟುಗೆದರ್ ಎಂಬ ಸಂಸ್ಥೆ ಇದೇ ಕೆಲಸ ಮಾಡುತ್ತಿದೆ.

ಯೋಚನೆ ಒಳ್ಳೆಯದು. ಕೂಡಲೇ ಬರುವ ಪ್ರಶ್ನೆ, "ದುಡ್ಡು ಎಲ್ಲಿಂದ ಸಿಸ್ಟರ್?" ಅದಕ್ಕೆ ಯಾರಾದರೂ, "ಕಂಪನಿಯವರ ಹತ್ತಿರ ಸಿ.ಎಸ್.ಆರ್. ಹಣ ಇದೆಯಂತೆ, ಕೇಳಿದ್ರಾಯ್ತು" ಎನ್ನುತ್ತಾರೆ. ಕೇಳಬಹುದು, ಕೇಳಬೇಕು ಕೂಡ. ಆದರೆ ಕೇಳುವ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ. ಈ ಪಾಠದಲ್ಲಿ ಅವುಗಳನ್ನು ತಿಳಿಯೋಣ.

1. ಈ ಕೆಲಸ ಅರ್ಧಕ್ಕೆ ನಿಂತರೆ ಏನಾಗುತ್ತದೆ?

ಟೈಲರಿಂಗ್ ತರಬೇತಿಯನ್ನು ಮೂರು ತಿಂಗಳಿಗೆ ನಿಲ್ಲಿಸಿದರೂ ಕಲಿತ ಹೊಲಿಗೆ ಕೈಯಲ್ಲಿ ಉಳಿಯುತ್ತದೆ. ಮಾರ್ಗದರ್ಶಿ ಕೆಲಸ ಹಾಗಲ್ಲ. ಇಲ್ಲಿ ಕೊಡುವುದು ಒಂದು ಸಂಬಂಧ.

ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಸಂಸ್ಥೆ ಇದೆ. ಹೆಸರಿನ ಅರ್ಥ ದೊಡ್ಡಣ್ಣ, ದೊಡ್ಡಕ್ಕ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್ ಎಂಬವರು, ಕೋರ್ಟಿಗೆ ಬರುವ ಹುಡುಗರನ್ನು ಕಂಡು, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಒಳ್ಳೆಯ ಹಿರಿಯ ಗೆಳೆಯ ಬೇಕು ಎಂದು ಜನರನ್ನು ಸೇರಿಸಿದರು. ಅಲ್ಲಿಂದ ಆ ಕೆಲಸ ಬೆಳೆಯಿತು.

ಇದರಿಂದ ನಿಜವಾಗಿ ಪ್ರಯೋಜನ ಉಂಟಾ ಎಂದು 1995ರಲ್ಲಿ ಒಂದು ಅಧ್ಯಯನದ ವರದಿ ಬಂತು. 10ರಿಂದ 16 ವರ್ಷದ 959 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜೊತೆಗಾರರನ್ನು ಕೊಟ್ಟು, ಇನ್ನೊಂದನ್ನು ಕಾಯುವ ಪಟ್ಟಿಯಲ್ಲಿಟ್ಟು, ಒಂದೂವರೆ ವರ್ಷದ ನಂತರ ನೋಡಿದರು. ಜೊತೆಗಾರರು ಸಿಕ್ಕ ಗುಂಪಿನಲ್ಲಿ ಮಾದಕ ವಸ್ತು ಶುರುಮಾಡುವ ಸಾಧ್ಯತೆ ಶೇ. 46ರಷ್ಟು, ಕುಡಿತ ಶುರುಮಾಡುವ ಸಾಧ್ಯತೆ ಶೇ. 27ರಷ್ಟು ಕಡಿಮೆ ಇತ್ತು. ಶಾಲೆ ತಪ್ಪಿಸುವುದೂ ಕಡಿಮೆಯಾಗಿತ್ತು.

ಮುಖ್ಯವಾದದ್ದು ಮುಂದಿನ ಮಾತು. ಅದೇ ಮಕ್ಕಳ ಮಾಹಿತಿಯನ್ನು ಇಬ್ಬರು ಸಂಶೋಧಕಿಯರು ಮತ್ತೆ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಲಾಭ ಆಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ಭರವಸೆಯೇ ಕುಗ್ಗಿತ್ತು. "ನನ್ನನ್ನು ಇವರೂ ಬಿಟ್ಟು ಹೋದರು" ಎಂದು ಮಗು ತಿಳಿದರೆ, ನಾವು ಶುರುಮಾಡದೇ ಇದ್ದಿದ್ದರೇ ಚೆನ್ನಾಗಿತ್ತು ಎನ್ನುವ ಹಾಗಾಗುತ್ತದೆ.

ಆದ್ದರಿಂದ ಈ ಕೆಲಸಕ್ಕೆ ಹಣ ಎಷ್ಟು ಬಂತು ಎನ್ನುವುದಕ್ಕಿಂತ, ಬಂದದ್ದು ಎಷ್ಟು ಕಾಲ ನಿಲ್ಲುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ.

2. ಮೊದಲು ಖರ್ಚು ಬರೆಯಿರಿ

30 ಮಕ್ಕಳು, 30 ಮಾರ್ಗದರ್ಶಿಗಳು, ಒಂದು ವರ್ಷ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ನಿಮ್ಮ ಊರಿನ ದರಕ್ಕೆ ಬದಲಾಯಿಸಿಕೊಳ್ಳಿ.

• ಸಂಯೋಜಕಿಯ ಗೌರವಧನ, ತಿಂಗಳಿಗೆ 12,000ದಂತೆ: ರೂ. 1,44,000
• ಮಾರ್ಗದರ್ಶಿಗಳ ತರಬೇತಿ, 30 ಜನ, 4 ದಿನ, ದಿನಕ್ಕೆ ತಲಾ 250: ರೂ. 30,000
• ತಿಂಗಳ ಒಟ್ಟು ಸಭೆಯ ಬಸ್ ಚಾರ್ಜು, ಊಟ, 60 ಜನ, ತಲಾ 100: ರೂ. 72,000
• ಐ.ಟಿ.ಐ., ಕಾಲೇಜು, ಕಾರ್ಖಾನೆ ಭೇಟಿ: ರೂ. 20,000
• ಪುಸ್ತಕ, ಫಾರಂ, ಫೋನ್, ಆಡಿಟ್: ರೂ. 34,000

ಒಟ್ಟು ರೂ. 3,00,000. ಒಂದು ಮಗುವಿಗೆ ವರ್ಷಕ್ಕೆ 10,000.

ಈಗ ಇನ್ನೊಂದು ಲೆಕ್ಕ ಹಾಕಿ. ಹೊರಗಿನ ಹಣ ಪೂರ್ತಿ ನಿಂತುಹೋದರೂ ಜೋಡಿಗಳು ಮುರಿಯದ ಹಾಗೆ ಕಾಯಲು ಕನಿಷ್ಠ ಎಷ್ಟು ಬೇಕು? ಅರ್ಧ ದಿನದ ಸಂಯೋಜಕಿಗೆ ತಿಂಗಳಿಗೆ 6,000, ವರ್ಷಕ್ಕೆ 72,000. ಎರಡು ತಿಂಗಳಿಗೊಂದು ಸಭೆ ಇಟ್ಟರೆ 36,000. ಒಟ್ಟು ರೂ. 1,08,000. ಇದಕ್ಕೆ ತಳಖರ್ಚು ಎಂದು ಹೆಸರಿಡೋಣ. ಈ ಮೊತ್ತವನ್ನು ಯಾವ ಕಂಪನಿಯ ಮೇಲೂ ಹಾಕಬಾರದು. ಅದು ನಮ್ಮದೇ ಆಗಿರಬೇಕು.

3. ಮೂರು ಕಲ್ಲಿನ ಒಲೆ

ಒಂದೇ ಕಲ್ಲಿನ ಮೇಲೆ ಪಾತ್ರೆ ನಿಲ್ಲುವುದಿಲ್ಲ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಕೆಲಸಕ್ಕೂ ಮೂರು ಕಲ್ಲು ಬೇಕು.

ಮೊದಲನೇ ಕಲ್ಲು, ನಮ್ಮ ಹಣ. ನಿಮ್ಮ ಒಕ್ಕೂಟದಲ್ಲಿ 60 ಸಂಘ, ಸಂಘಕ್ಕೆ 15 ಜನ ಎಂದರೆ 900 ಮಹಿಳೆಯರು. ಒಬ್ಬೊಬ್ಬರು ತಿಂಗಳಿಗೆ 10 ರೂಪಾಯಿ ಕೊಟ್ಟರೆ ತಿಂಗಳಿಗೆ 9,000, ವರ್ಷಕ್ಕೆ 1,08,000. ಮೇಲೆ ಹೇಳಿದ ತಳಖರ್ಚು ಸರಿಯಾಗಿ ಇಷ್ಟೇ! ಆದರೆ ಎರಡು ಎಚ್ಚರಿಕೆ. ಉಳಿತಾಯದ ಹಣದಿಂದ, ಸಾಲದ ಬಡ್ಡಿಯಿಂದ ಇದನ್ನು ತೆಗೆಯಬೇಡಿ. ಬೇರೆ ರಸೀದಿ, ಬೇರೆ ಖಾತೆ ಇರಲಿ. ಮತ್ತೆ, ಇದು ಒತ್ತಾಯದ ವಂತಿಗೆ ಆಗಬಾರದು. ಕೊಡಲಾಗದ ಸದಸ್ಯೆಯ ಮಗುವಿಗೂ ಸ್ಥಾನ ಇರಬೇಕು. ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆದು ಸಹಿ ಹಾಕಿ.

ಎರಡನೇ ಕಲ್ಲು, ಊರಿನ ದಾನಿಗಳು. ಹಳೆ ವಿದ್ಯಾರ್ಥಿಗಳು, ನಿವೃತ್ತ ಮೇಷ್ಟ್ರುಗಳು, ಡಾಕ್ಟರು, ಅಂಗಡಿಯವರು, ದುಬೈ ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳು. ಒಬ್ಬರಿಂದ ಲಕ್ಷ ಕೇಳುವ ಬದಲು, "ಒಂದು ಮಗುವಿನ ಒಂದು ತಿಂಗಳ ಖರ್ಚು 834 ರೂಪಾಯಿ" ಎಂದು ಹೇಳಿ ನೋಡಿ. ಕೊಡುವವರಿಗೆ ತಮ್ಮ ಹಣ ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ. ಪಡೆಯುವ ಸಂಸ್ಥೆಗೆ ಜನ 80ಜಿ ಎಂದು ಕರೆಯುವ ನೋಂದಣಿ ಇದ್ದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗಬಹುದು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ರಿಯಾಯಿತಿ ಇಲ್ಲ, ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ಮೂಲಕ ಪಡೆಯಿರಿ. ಹೊರದೇಶದ ಹಣದ ಬಗ್ಗೆ ಹುಷಾರು. ವಿದೇಶಿ ದೇಣಿಗೆ ಪಡೆಯಲು ಎಫ್.ಸಿ.ಆರ್.ಎ. ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ, ಹೀಗೆ ಪಡೆದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ.

ಮೂರನೇ ಕಲ್ಲು, ಕಂಪನಿ. ತರಬೇತಿ, ಭೇಟಿ, ಪೂರ್ಣಾವಧಿ ಸಂಯೋಜಕಿ, ಹೆಚ್ಚು ಮಕ್ಕಳು, ಇವೆಲ್ಲ ಈ ಕಲ್ಲಿನ ಮೇಲೆ.

ಮೇಲೆ ಹೇಳಿದ ಅಮೆರಿಕದ ಸಂಸ್ಥೆಗೆ 2022ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ಒಬ್ಬ ಮಹಿಳೆ 12 ಕೋಟಿ 26 ಲಕ್ಷ ಡಾಲರ್ ದಾನ ಕೊಟ್ಟರು. ಅಷ್ಟು ದೊಡ್ಡ ಸಂಸ್ಥೆಯ ಊರೂರಿನ ಶಾಖೆಗಳೂ ಬಹಳ ವರ್ಷಗಳಿಂದ ಬೌಲಿಂಗ್ ಆಟ ಏರ್ಪಡಿಸಿ, ಆಡುವ ತಂಡದವರು ನೆಂಟರು ಗೆಳೆಯರಿಂದ ಸಣ್ಣ ಸಣ್ಣ ಮೊತ್ತ ಸೇರಿಸುವ ಪದ್ಧತಿ ಇಟ್ಟುಕೊಂಡು ಬಂದಿವೆ. ಹನಿ ಹನಿಗೂಡಿದರೆ ಹಳ್ಳ ಎಂಬುದು ಅಲ್ಲಿಗೂ ಸಲ್ಲುತ್ತದೆ.

4. ಕಂಪನಿ ಹಣದ ಕಾನೂನು, ನಮಗೆ ಬೇಕಾದಷ್ಟು

ಕಂಪನಿಗಳ ಕಾಯ್ದೆ 2013ರ ಕಲಂ 135 ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯನ್ನು ಹೇಳುತ್ತದೆ. 2014ರ ಏಪ್ರಿಲ್ 1ರಂದು ಇದು ಜಾರಿಗೆ ಬಂದಾಗ ಹಾಕಿದ ಮಿತಿ ಹೀಗಿತ್ತು: ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇದರಲ್ಲಿ ಯಾವುದಾದರೂ ಒಂದು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣ ಮತ್ತು ಉದ್ಯೋಗ ಕೌಶಲ ಸೇರಿವೆ. ತಾನು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಇದೆ. ಹಾಗಾಗಿ ದೂರದ ದೊಡ್ಡ ಹೆಸರಿಗಿಂತ ಮೊದಲು ನಮ್ಮ ತಾಲ್ಲೂಕಿನ ಕಾರ್ಖಾನೆಯ ಬಾಗಿಲು ತಟ್ಟಿ.

ಯಾರು ಪಡೆಯಬಹುದು? ಸ್ವಸಹಾಯ ಸಂಘ ನೇರವಾಗಿ ಈ ಹಣ ಪಡೆದು ಯೋಜನೆ ನಡೆಸುವಂತಿಲ್ಲ. ಸೊಸೈಟಿಯಾಗಿ ಅಥವಾ ಟ್ರಸ್ಟ್ ಆಗಿ ನೋಂದಣಿ, ಆದಾಯ ತೆರಿಗೆಯ 12ಎ ಮತ್ತು 80ಜಿ ಎಂದು ಪರಿಚಿತವಾದ ನೋಂದಣಿಗಳು, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. 2021ರ ಏಪ್ರಿಲ್ 1ರಿಂದ ಸಿ.ಎಸ್.ಆರ್.-1 ಎಂಬ ಫಾರಂ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆಯುವ ನಿಯಮವೂ ಬಂದಿದೆ. ಒಕ್ಕೂಟಕ್ಕೆ ಇವೆಲ್ಲ ಇಲ್ಲದಿದ್ದರೆ ಅರ್ಹತೆ ಇರುವ ಒಂದು ಸಂಸ್ಥೆಯ ಜೊತೆ ಸೇರಿ ಮಾಡಬಹುದು. ಅರ್ಜಿ ಹಾಕುವ ಮುಂಚೆ ಈಗಿನ ನಿಯಮಗಳನ್ನು ಆಡಿಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ನಮಗೆ ಉಪಯೋಗವಾಗುವ ಇನ್ನೂ ಮೂರು ಅಂಶ:

• ಬಹುವರ್ಷದ ಯೋಜನೆಗೆ ಅವಕಾಶ ಇದೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ತನಕ ಅದು ನಡೆಯಬಹುದು. ಆದ್ದರಿಂದ ಒಂದು ವರ್ಷಕ್ಕೆ ಮಾತ್ರ ಕೇಳಿ ಸುಮ್ಮನಾಗಬೇಡಿ.
• "ಸಂಬಳಕ್ಕೆ ಕೊಡಲ್ಲ, ಶೇ. 5 ಮಾತ್ರ" ಎಂದು ಕೆಲವರು ಹೇಳುತ್ತಾರೆ. ಆ ಶೇ. 5ರ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ. ಯೋಜನೆ ನಡೆಸಲು ನೇರವಾಗಿ ಬೇಕಾದ ಖರ್ಚು ಅದರಲ್ಲಿ ಸೇರುವುದಿಲ್ಲ. ಮಾರ್ಗದರ್ಶಿ ಕಾರ್ಯಕ್ರಮದಲ್ಲಿ ಸಂಯೋಜಕಿಯೇ ಯೋಜನೆಯ ಬೆನ್ನೆಲುಬು. ಇದನ್ನು ವಿನಯವಾಗಿ, ಸ್ಪಷ್ಟವಾಗಿ ಹೇಳಿ.
• ತನ್ನ ಮಾಲಿನ ಪ್ರಚಾರಕ್ಕೆಂದು ಮಾಡುವ ಪ್ರಾಯೋಜನೆ ಸಿ.ಎಸ್.ಆರ್. ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳ ಕೈಯಲ್ಲಿ ಸೋಪು, ಬಿಸ್ಕತ್ತು ಹಿಡಿಸಿ ಜಾಹೀರಾತು ತೆಗೆಯಲು ಒಪ್ಪಬೇಕಾಗಿಲ್ಲ.

5. ಕಂಪನಿಯವರ ಮುಂದೆ ಕೂತಾಗ

ಎರಡು ಪುಟದ ಮನವಿ ಸಾಕು. ಮಕ್ಕಳ ಸಮಸ್ಯೆ, ನಾವು ಮಾಡುವ ಕೆಲಸ, ಖರ್ಚಿನ ಪಟ್ಟಿ, ನಾವು ಹಾಕುವ ಪಾಲು, ವರದಿ ಕೊಡುವ ದಿನಾಂಕ. ನಮ್ಮ ಪಾಲು 1,08,000 ಎಂದು ಬರೆದಾಗ ಆ ಮನವಿಗೆ ಬರುವ ತೂಕವೇ ಬೇರೆ. ಜೊತೆಗೆ ನಿಮ್ಮ ಉಳಿತಾಯ ಪುಸ್ತಕ, ಸಾಲ ಮರುಪಾವತಿ ಲೆಕ್ಕ, ಆಡಿಟ್ ವರದಿ ತೋರಿಸಿ. ನಬಾರ್ಡ್ 1992ರಲ್ಲಿ 500 ಸಂಘಗಳೊಂದಿಗೆ ಬ್ಯಾಂಕ್ ಜೋಡಣೆಯ ಪ್ರಯೋಗ ಶುರುಮಾಡಿದಾಗ, ಜಾಮೀನಿಗೆ ಆಸ್ತಿ ಇಲ್ಲದ ಹೆಂಗಸರ ಲೆಕ್ಕ ಮತ್ತು ಶಿಸ್ತನ್ನು ನೋಡಿಯೇ ಬ್ಯಾಂಕುಗಳು ನಂಬಿದವು. ಆ ಬಲ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ಮಾತುಗಳು ಅದರಲ್ಲಿ ಇವೆಯೇ ನೋಡಿ:

• ಹಣ ಯಾವ ತಿಂಗಳಲ್ಲಿ ಎಷ್ಟು ಬರುತ್ತದೆ? ಜೂನ್‌ನಲ್ಲಿ ಕಾಲೇಜು ಶುರುವಾಗಿ ಮಾರ್ಚಿಯಲ್ಲಿ ಹಣ ಬಂದರೆ ಏನೂ ಪ್ರಯೋಜನ ಇಲ್ಲ.
• ನಿಲ್ಲಿಸುವುದಾದರೆ ಆರು ತಿಂಗಳು ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು.
• ಹೊಸ ಮಕ್ಕಳನ್ನು ಸೇರಿಸುವುದು ನಿಂತರೂ, ಈಗಾಗಲೇ ಜೊತೆಯಾದ ಮಕ್ಕಳ ವರ್ಷ ಮುಗಿಯುವ ತನಕ ಹಣ ಕೊಡಬೇಕು.
• ಮಗುವಿನ ಮತ್ತು ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಫೋಟೋ, ಹೆಸರು, ಮನೆಯ ಕಥೆ ಹೊರಗೆ ಹೋಗಬಾರದು.

ಕಂಪನಿಯ ಉದ್ಯೋಗಿಗಳೇ ಮಾರ್ಗದರ್ಶಿಗಳಾಗಿ ಬರಬಹುದು. ಒಳ್ಳೆಯದೇ. ಅವರ ಸಮಯಕ್ಕೆ ಬೆಲೆ ಕಟ್ಟಿ ಸಿ.ಎಸ್.ಆರ್. ಖರ್ಚೆಂದು ತೋರಿಸಲು ಕಂಪನಿಗೆ ಅವಕಾಶ ಇಲ್ಲ, ಆದ್ದರಿಂದ ಅದು ಹಣದ ಬದಲಿಗೆ ಅಲ್ಲ, ಹಣದ ಜೊತೆಗೆ ಬರಲಿ. ಕನಿಷ್ಠ ಒಂದು ವರ್ಷ ಬರುತ್ತೇನೆ ಎನ್ನುವವರನ್ನೇ ಸೇರಿಸಿ. ವರ್ಗಾವಣೆ ಆದರೆ ಮಗುವಿಗೆ ಮುಂಚೆಯೇ ಹೇಳಿ, ಕೊನೆಯ ಭೇಟಿ ಮಾಡಿ, ಬೇರೆಯವರನ್ನು ಪರಿಚಯಿಸಿ ಹೋಗಬೇಕು. ಸುಮ್ಮನೆ ಕಾಣೆಯಾಗಬಾರದು.

ವರದಿಯಲ್ಲಿ ಎಷ್ಟು ಬ್ಯಾಗು ಹಂಚಿದೆವು ಎನ್ನುವುದು ಬೇಡ. ಎಷ್ಟು ಜೋಡಿಗಳು ಹನ್ನೆರಡು ತಿಂಗಳು ದಾಟಿದವು, ಎಷ್ಟು ಮಕ್ಕಳು ಓದು ಮುಂದುವರಿಸಿದರು, ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು, ಇದನ್ನು ನಿಜವಾಗಿ ಬರೆಯಿರಿ.

6. ಹಣದ ಆಸೆಗೆ ರಕ್ಷಣೆ ಬಿಡಬೇಡಿ

ದೊಡ್ಡ ಕಂಪನಿಯವರು ಎಂದ ಮಾತ್ರಕ್ಕೆ ಯಾರನ್ನೂ ಪರಿಶೀಲಿಸದೆ ಮಗುವಿನ ಜೊತೆ ಕೂರಿಸಬಾರದು. ಪೊಲೀಸ್ ಪರಿಶೀಲನೆ ಮಾಡಿಸಿ. ಹೆಣ್ಣುಮಕ್ಕಳಿಗೆ ಮಹಿಳಾ ಮಾರ್ಗದರ್ಶಿಗಳೇ ಇರಲಿ. ಭೇಟಿ ಶಾಲೆ, ಗ್ರಂಥಾಲಯದಂಥ ನಾಲ್ಕು ಜನ ಕಾಣುವ ಜಾಗದಲ್ಲಿ ನಡೆಯಲಿ, ಮನೆಯಲ್ಲಿ ಬೇಡ. ಮಕ್ಕಳಿಗೆ 1098 ಸಹಾಯವಾಣಿಯ ನಂಬರು ಬಾಯಿಪಾಠ ಇರಲಿ. ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕಂಪನಿಯ ಹೆಸರು, ಒಕ್ಕೂಟದ ಮಾನ ಎಂದು ಮುಚ್ಚಿಡುವಂತಿಲ್ಲ.

ನೆನಪಿಡಿ

ತಳಖರ್ಚು ಕೈಯಲ್ಲಿರುವಷ್ಟು ಮಕ್ಕಳಿಂದ ಶುರುಮಾಡಿ. ಹತ್ತೇ ಆದರೂ ಆಗಲಿ. ಕಂಪನಿ ಬಂದರೆ ಮೂವತ್ತು ಮಾಡಿ. ಕಂಪನಿ ಹೋದರೆ ಹೊಸಬರನ್ನು ಸೇರಿಸುವುದು ನಿಲ್ಲಿಸಿ, ಸೇರಿದವರನ್ನು ಬಿಡಬೇಡಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ನಂತರ ಓದು ಬಿಟ್ಟ ಮಕ್ಕಳು ಎಷ್ಟು? ಯಾಕೆ ಬಿಟ್ಟರು?
2. ನಮ್ಮ ಒಕ್ಕೂಟದ ತಳಖರ್ಚು ಎಷ್ಟಾಗುತ್ತದೆ? ತಿಂಗಳಿಗೆ ತಲಾ ಎಷ್ಟು ಬರುತ್ತದೆ?
3. ನಮ್ಮ ತಾಲ್ಲೂಕಿನಲ್ಲಿ ಯಾವ ಕಾರ್ಖಾನೆ, ಯಾವ ಕಂಪನಿ ಇದೆ? ಅಲ್ಲಿ ನಮಗೆ ಪರಿಚಯದವರು ಯಾರು?
4. ಕಂಪನಿಯವರು ಹಣ ಕೊಡುತ್ತೇವೆ, ಆದರೆ ಮೂರು ತಿಂಗಳಿಗೆ ಮಾತ್ರ ಎಂದರೆ ನಾವು ಏನು ಉತ್ತರ ಕೊಡಬೇಕು?

ಈ ತಿಂಗಳ ಕೆಲಸ: ಎರಡನೇ ಪ್ರಶ್ನೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ಮುಂದಿನ ಒಕ್ಕೂಟದ ಸಭೆಗೆ ತನ್ನಿ.