ಲಂಡನ್ ರೇಟು, ಗುಜರಿ ತೂಕ

ಮೈಸೂರಿನಲ್ಲಿ ಈ ಅಂಕಣಕಾರನ ಅಕ್ಕನ ಮನೆ ಗೇಟಿನ ಎರಡೂ ಬದಿಗೆ ಸೊಂಟದೆತ್ತರದ ಎರಡು ಬೀಡಿನ ಹೂಕುಂಡಗಳು ನಿಂತಿವೆ. ಮೈತುಂಬ ಬಳ್ಳಿ, ಎರಡು ಹಿಡಿ, ಕೆಳಗೆ ಚೌಕದ ಪೀಠ. 2019ರಲ್ಲಿ ಭಾವ ಬೆಂಗಳೂರಿನ ಅಂಗಡಿಯೊಂದರಿಂದ ಜೋಡಿಗೆ 1,80,000 ರೂಪಾಯಿ ಕೊಟ್ಟು ತಂದದ್ದು. ಲಾರಿ, ಹಮಾಲಿ, ಕೆಳಗೊಂದು ಕಟ್ಟೆ ಎಂದು ಇನ್ನೊಂದು 14,000. ‘ವಿಕ್ಟೋರಿಯಾ ಕಾಲದ್ದು, ಕಂಟೋನ್ಮೆಂಟಿನ ಬಂಗಲೆಯಿಂದ ಬಂದದ್ದು, ಇನ್ವೆಸ್ಟ್‌ಮೆಂಟ್ ಪೀಸು, ಯಾವಾಗ ಬೇಕಾದರೂ ನಾವೇ ವಾಪಸ್ ತಗೋತೀವಿ’ ಎಂದಿದ್ದರಂತೆ ಅಂಗಡಿಯವರು.

2024ರಲ್ಲಿ ಮಗಳ ಕಾಲೇಜು ಫೀಸಿಗೆ ದುಡ್ಡು ಬೇಕಾಯಿತು. ವಾಪಸ್ ತಗೋತೀವಿ ಎಂದವರು ‘ಈಗ ಆ ಥರದ ಪೀಸು ಓಡ್ತಿಲ್ಲ ಸಾರ್’ ಎಂದರು. ನಾಲ್ಕು ಕಡೆ ಕೇಳಿದ ಮೇಲೆ ಸಿಕ್ಕ ಅತಿ ಹೆಚ್ಚಿನ ಬೆಲೆ 55,000. ಭಾವ ಬಿಲ್ಲು ತಂದು ಅಂಕಣಕಾರನ ಮುಂದಿಟ್ಟರು: ‘ಪೇಪರಲ್ಲಿ ಊರಿಗೆಲ್ಲ ಲೆಕ್ಕ ಹೇಳ್ತೀಯಲ್ಲ, ಇದರದ್ದೂ ಹೇಳು.’

1,94,000ದಿಂದ 55,000 ಕಳೆದರೆ 1,39,000 ನಷ್ಟ ಎಂದು ಭಾವ ಆಗಲೇ ಕೂತು ಲೆಕ್ಕ ಹಾಕಿದ್ದರು. ನಷ್ಟ ಅಷ್ಟೇ ಅಲ್ಲ. ಅದೇ ದುಡ್ಡು 6.5%ರ ಎಫ್‌ಡಿಯಲ್ಲಿ ಇದ್ದಿದ್ದರೆ? ಭಾವ 20%ರ ಸ್ಲ್ಯಾಬಿನವರು. ತೆರಿಗೆ ಕಳೆದು ಕೈಗೆ ಉಳಿಯುವುದು 5.2%. ಐದು ವರ್ಷ ಚಕ್ರಬಡ್ಡಿ ಹಾಕಿದರೆ 1,94,000 ಹೆಚ್ಚು ಕಡಿಮೆ 2,50,000 ಆಗುತ್ತದೆ. ಅಂದರೆ ಕುಂಡಗಳು ಲಾಭ ತರುವುದು ಹಾಗಿರಲಿ, ಬ್ಯಾಂಕಿನ ಸಪ್ಪೆ ಠೇವಣಿಯ ಸಮಕ್ಕೆ ನಿಲ್ಲಬೇಕಿದ್ದರೂ ಭಾವನ ಕೈಗೆ ಎರಡೂವರೆ ಲಕ್ಷ ಬರಬೇಕಿತ್ತು.

ಅಸಲು ಪೆಟ್ಟು ಇನ್ನು ಮುಂದಿದೆ. ಭಾವ ಕೊಂಡದ್ದು ಅಂಗಡಿ ಬೆಲೆಗೆ, ಮಾರಬೇಕಾದದ್ದು ಅಂಗಡಿಯವನು ಕೊಳ್ಳುವ ಬೆಲೆಗೆ. ಅವನಿಗೂ ಬಾಡಿಗೆ, ಸಂಬಳ, ಲಾಭ ಎಲ್ಲ ಇರುತ್ತದೆ. ತಾನು ಮಾರುವ ಬೆಲೆಯ ಅರ್ಧಕ್ಕೆ ಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಭಾವನಿಗೆ 2,50,000 ಸಿಗಲು ಅಂಗಡಿಯಲ್ಲಿ ಆ ಜೋಡಿಯ ಬೆಲೆ 5,00,000 ಇರಬೇಕು. 1,80,000 ಐದು ವರ್ಷದಲ್ಲಿ 5,00,000 ಆಗಬೇಕಾದರೆ ವರ್ಷಕ್ಕೆ 22.7%ರಂತೆ ಏರುತ್ತಿರಬೇಕು, ಅದೂ ಒಂದು ವರ್ಷವೂ ತಪ್ಪದೆ. ಇಷ್ಟೆಲ್ಲ ಆದರೆ ಎಫ್‌ಡಿಗೆ ಸಮ, ಅಷ್ಟೇ. ಭಾವ ಕ್ಯಾಲ್ಕುಲೇಟರ್ ಕಸಿದುಕೊಂಡು ತಾವೇ ಮತ್ತೊಮ್ಮೆ ಒತ್ತಿ ನೋಡಿದರು.

ಬಿಲ್ಲಿನ ಜೊತೆ ಒಂದು ‘ಸರ್ಟಿಫಿಕೇಟ್ ಆಫ್ ಅಥೆಂಟಿಸಿಟಿ’ ಇತ್ತು. ಕೊಟ್ಟವರು ಮಾರಿದವರೇ. ವಧುವಿನ ಗುಣಕ್ಕೆ ತವರಿನವರೇ ಸಾಕ್ಷಿ! ಈ ಕಾಗದದ ಬಗ್ಗೆ ಮೃದುವಾಗಿ ಬರೆಯಲು ಅಂಕಣಕಾರನಿಗೆ ತಾಳ್ಮೆ ಉಳಿದಿಲ್ಲ.

ಪೀಠದ ಮೇಲೆ ವಜ್ರಾಕೃತಿಯ ಸಣ್ಣ ಮುದ್ರೆಯೊಂದನ್ನು ಅಂಗಡಿಯವರು ತೋರಿಸಿದ್ದರು. ಅಂಥ ಮುದ್ರೆ ಇರುವುದು ನಿಜ. 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ವಿನ್ಯಾಸ ನೋಂದಾಯಿಸಿದವರು ಅದನ್ನು ಒತ್ತುತ್ತಿದ್ದರು. ಆದರೆ ಅದು ಹೇಳುವುದು ವಿನ್ಯಾಸ ನೋಂದಣಿಯ ದಿನವನ್ನು, ವಸ್ತು ತಯಾರಾದ ದಿನವನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ಹಳೆಯ ಕುಂಡವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಹೊಸದಾಗಿ ಎರಕ ಹೊಯ್ದರೆ ಮುದ್ರೆಯೂ ಬಳ್ಳಿಯ ಜೊತೆಗೇ ನಕಲಾಗಿಬಿಡುತ್ತದೆ. ಬೀಡು ಆರುವಾಗ ಸುಮಾರು 1% ಕುಗ್ಗುತ್ತದೆ. ಹಾಗಾಗಿ ನಕಲು ಮೂಲಕ್ಕಿಂತ ತುಸು ಗಿಡ್ಡ, ಎಲೆಯ ನರಗಳು ಮಸುಕು. ಭಾವನ ಕುಂಡದ ಮುದ್ರೆಯ ಅಕ್ಷರಗಳನ್ನು ಟಾರ್ಚ್ ಹಿಡಿದರೂ ಓದಲಾಗಲಿಲ್ಲ. ಪೀಠಕ್ಕೆ ಹಾಕಿದ್ದ ಸ್ಕ್ರೂಗಳ ತಲೆಯಲ್ಲಿ ಅಧಿಕ ಚಿಹ್ನೆಯ ತೋಡು. ಆ ಬಗೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಆಮೇಲೆ ಬದಲಿಸಿರಬಹುದು ಎಂದರು ಭಾವ. ಬದಲಿಸಿರಬಹುದು. ಎಂಟಕ್ಕೆ ಎಂಟನ್ನೂ?

ಮೂಲ ಮಾಲು ಇಲ್ಲವೆಂದಲ್ಲ. ಡರ್ಬಿಯ ಹ್ಯಾಂಡಿಸೈಡ್, ಶ್ರಾಪ್‌ಶೈರ್‌ನ ಕೋಲ್‌ಬ್ರೂಕ್‌ಡೇಲ್ ಕಾರ್ಖಾನೆಗಳು 1851ರ ಲಂಡನ್ ಮಹಾಪ್ರದರ್ಶನದಲ್ಲಿ ತಮ್ಮ ಎರಕದ ಕೆಲಸ ಇಟ್ಟಿದ್ದವು. ಕೋಲ್‌ಬ್ರೂಕ್‌ಡೇಲ್ 1858ರಲ್ಲಿ ನೋಂದಾಯಿಸಿದ ಜರೀಗಿಡದ ವಿನ್ಯಾಸದ ತೋಟದ ಬೆಂಚು ಇಂದು ಅಲ್ಯೂಮಿನಿಯಂನಲ್ಲಿ ನಕಲಾಗಿ ಲೋಕವೆಲ್ಲ ಕೂತಿದೆ. ಅದಕ್ಕೂ ಹಿಂದೆ, 1769ರಿಂದ ಲ್ಯಾಂಬೆತ್‌ನಲ್ಲಿ ಎಲಿನರ್ ಕೋಡ್ ಎಂಬಾಕೆ ಸುಟ್ಟ ಮಣ್ಣಿನ ‘ಕೃತಕ ಕಲ್ಲಿ’ನ ಕುಂಡ, ಪ್ರತಿಮೆಗಳನ್ನು ಮಾಡಿ ಮಾರಿದಳು, ಇಂಗ್ಲೆಂಡಿನ ಮಳೆ ಚಳಿಗೆ ಇನ್ನೂರು ವರ್ಷ ಒಡ್ಡಿಕೊಂಡೂ ಅವುಗಳ ಅಂಚು ಸವೆದಿಲ್ಲ. ಅಂಥವಕ್ಕೆ ಅಲ್ಲಿನ ಹರಾಜಿನಲ್ಲಿ ದೊಡ್ಡ ಬೆಲೆ ಬರುತ್ತದೆ. ಕಾರ್ಖಾನೆಯ ಹೆಸರು, ಹಳೆಯ ಕ್ಯಾಟಲಾಗಿನ ಚಿತ್ರ, ಯಾವ ಮನೆಯ ತೋಟದಲ್ಲಿತ್ತು ಎಂಬ ದಾಖಲೆ, ಇವೆಲ್ಲ ಕೂಡಿದರೆ ಮಾತ್ರ.

ಅಂಗಡಿಯವರು ಭಾವನಿಗೆ ಮೊಬೈಲಿನಲ್ಲಿ ತೋರಿಸಿದ್ದು ಇದೇ ಲಂಡನ್ ರೇಟು. ಇಲ್ಲೊಂದು ತಮಾಷೆ ಇದೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ ಕುಸುರಿಯ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಭಾವನ ಕುಂಡ ನಿಜಕ್ಕೂ ವಿಕ್ಟೋರಿಯಾ ಕಾಲದ್ದಾದರೆ ಅದು ಲಂಡನ್ನಿಗೆ ಹೋಗುವಂತಿಲ್ಲ. ಹೋಗಬಹುದಾದರೆ ಅದು ವಿಕ್ಟೋರಿಯಾ ಕಾಲದ್ದಲ್ಲ. ಎರಡರಲ್ಲಿ ಯಾವುದಾದರೂ ಆ ರೇಟು ಇಲ್ಲಿ ನಡೆಯದ ನಾಣ್ಯ. ಪುರಾತನ ವಸ್ತುವಿನ ವ್ಯಾಪಾರಕ್ಕೆ ಅದೇ ಕಾಯ್ದೆಯಡಿ ಲೈಸೆನ್ಸ್ ಬೇಕು; ಭಾವನ ಬಿಲ್ಲಿನಲ್ಲಿ ಲೈಸೆನ್ಸ್ ನಂಬರೂ ಇಲ್ಲ, ‘ಆಂಟಿಕ್’ ಎಂಬ ಪದವೂ ಇಲ್ಲ. ‘ಐರನ್ ಪಾಟ್ – 2’ ಎಂದಷ್ಟೇ ಇದೆ. ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳದಿರುವುದು ನಮ್ಮ ಮಧ್ಯಮ ವರ್ಗದ ದೊಡ್ಡ ಸಂಕೋಚ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವವರು ಎ.ಸಿ. ಅಂಗಡಿಯೊಳಗೆ ಕಾಫಿ ಕೊಟ್ಟ ತಕ್ಷಣ ಮಾತು ಮರೆಯುತ್ತಾರೆ.

ಅಕ್ಕ ಅಷ್ಟು ಹೊತ್ತೂ ಸುಮ್ಮನಿದ್ದವಳು ಅತ್ತೆಯ ಹಂಡೆಯ ವಿಷಯ ಎತ್ತಿದಳು. ಸೋಲಾರ್ ಹಾಕಿಸಿದ ವರ್ಷ ಬಚ್ಚಲಿನ ತಾಮ್ರದ ಹಂಡೆ, ಎರಡು ಕೊಳಗ, ಮದುವೆ ಕಾಲದ ಹಿತ್ತಾಳೆ ಪಾತ್ರೆಗಳನ್ನು ಇದೇ ಭಾವ ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತಂದಿದ್ದರು. ಅಂಥ ಹಂಡೆಗಳೇ ಈಗ ಹೋಮ್‌ಸ್ಟೇಗಳ ಅಂಗಳದಲ್ಲಿ ನೀರು ತುಂಬಿಕೊಂಡು ತಾವರೆ ತೇಲಿಸುತ್ತ ‘ವಿಂಟೇಜ್ ಪ್ಲಾಂಟರ್’ ಆಗಿವೆ. ಯಾರದ್ದು, ಯಾವಾಗಿನದು, ಎಲ್ಲಿತ್ತು ಎಂಬ ಮೂರಕ್ಕೂ ಖಚಿತ ಉತ್ತರವಿದ್ದ ವಸ್ತು ಆ ಮನೆಯಲ್ಲಿ ಅದೊಂದೇ ಇತ್ತು.

ಕುತೂಹಲಕ್ಕೆಂದು ಅಂಕಣಕಾರ ಬೀದಿಯ ಗುಜರಿಯವನನ್ನು ಕರೆದು ಕೇಳಿದ. ಎರಡೂ ಸೇರಿ ಅಂದಾಜು 140 ಕೆಜಿ. ಕೆಜಿಗೆ 30ರಂತೆ 4,200 ಎಂದ. ತಾಮ್ರವಾದರೆ? ಅದರ ಇಪ್ಪತ್ತು ಪಟ್ಟಿಗೂ ಮೇಲೆ. ಹಳೆಯ ಹಂಡೆ, ಕಂಚಿನ ಉರುಳಿ ಕೊಳ್ಳುವವರಿಗೆ ಕಥೆ ಸುಳ್ಳಾದರೂ ಲೋಹದ ಬೆಲೆಯಾದರೂ ಕಾಲಡಿಗೆ ಉಳಿದಿರುತ್ತದೆ. ಬೀಡಿಗೆ ಆ ನೆಲವೇ ಇಲ್ಲ. 1,80,000ದಲ್ಲಿ ಕಬ್ಬಿಣ 4,200, ಮಿಕ್ಕದ್ದು ಮಾತು.

ಫೀಸು ಕೊನೆಗೆ ಅಕ್ಕನ ಆರ್‌ಡಿ ಒಡೆದು ಕಟ್ಟಿದ್ದಾಯಿತು. 55,000ಕ್ಕೆ ಕೊಡಲು ಭಾವನಿಗೆ ಮನಸ್ಸಿಲ್ಲ. ಕೊಟ್ಟುಬಿಡಿ ಎಂದು ಅಂಕಣಕಾರ ಹೇಳಿ ಬಂದಿದ್ದಾನೆ. ಇನ್ನೊಂದು ಮಳೆಗಾಲ ಕಳೆದರೆ ಪೀಠದ ಕಿತ್ತಳೆ ತುಕ್ಕು ಪುಡಿಪುಡಿ ಉದುರಿ, ಆ ಬೆಲೆಯೂ ಇಳಿಯುತ್ತದೆ.