ಹೊರಗಿನವಳೆಂಬ ಶಂಕೆ ಮತ್ತು ತಾಯಿಯ ಆರೋಗ್ಯ



ಪರವಾನಗಿ ಇಲ್ಲದೆ ದೇಶದೊಳಗೆ ಬಂದವರನ್ನು ಪತ್ತೆಹಚ್ಚುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಆ ಹುಡುಕಾಟ ಹೆಣ್ಣುಮಕ್ಕಳ ದೇಹಕ್ಕೆ, ಅವರ ಒಡಲಿನ ಕೂಸಿಗೆ ಏನು ಮಾಡುತ್ತದೆಂದು ನಾವು ಯೋಚಿಸುವುದು ಕಡಿಮೆ.

ಅಮೆರಿಕದ ಅಯೋವಾ ರಾಜ್ಯದಲ್ಲಿ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿದೆ. 2008ರ ಮೇ 12ರಂದು ವಲಸೆ ಅಧಿಕಾರಿಗಳು ಅಲ್ಲಿನ ಮಾಂಸದ ಕಾರ್ಖಾನೆಗೆ ನುಗ್ಗಿ 389 ಮಂದಿಯನ್ನು ಬಂಧಿಸಿದರು. ಬೆದರಿದ ಕುಟುಂಬಗಳು ಸಂತ ಬ್ರಿಜಿತರ ದೇವಾಲಯದಲ್ಲಿ ಆಶ್ರಯ ಪಡೆದವು. ಮಕ್ಕಳಿಗಾಗಿ ಬಿಡುಗಡೆಯಾದ ತಾಯಂದಿರ ಕಾಲಿಗೆ ನಿಗಾ ಇಡುವ ಯಂತ್ರ ಕಟ್ಟಿದ್ದರು. ಮುಂದೆ ಸಂಶೋಧಕರು ಆ ರಾಜ್ಯದ ಜನನ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ದಾಳಿಯ ನಂತರದ 37 ವಾರಗಳಲ್ಲಿ ಲ್ಯಾಟಿನ್ ಅಮೆರಿಕ ಮೂಲದ ತಾಯಂದಿರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ, ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 24ರಷ್ಟು ಹೆಚ್ಚಿತ್ತು. ಬಿಳಿಯ ತಾಯಂದಿರಲ್ಲಿ ಈ ಏರಿಕೆ ಇರಲಿಲ್ಲ. ಗಮನಿಸಿ: ಅಮೆರಿಕದಲ್ಲೇ ಹುಟ್ಟಿದ, ಪೌರತ್ವದಲ್ಲಿ ಯಾವ ಕೊರತೆಯೂ ಇಲ್ಲದ ಲ್ಯಾಟಿನ್ ತಾಯಂದಿರನ್ನೂ ಅದು ಬಿಡಲಿಲ್ಲ. ಶಿಕ್ಷೆ ತಪ್ಪಿತಸ್ಥನಿಗೆ ಎಂಬುದು ನ್ಯಾಯದ ಮೊದಲ ಪಾಠ. ಭಯಕ್ಕೆ ಆ ಪಾಠ ತಿಳಿಯದು.

ಇದು ದೂರದ ಮಾತಲ್ಲ. 2020ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶದವರೆಂಬ ಶಂಕೆಯ ಮೇಲೆ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರ, ಪಶ್ಚಿಮ ಬಂಗಾಳದವರಿದ್ದರು; ಉತ್ತರ ಕರ್ನಾಟಕದ ನಮ್ಮವರೂ ಇದ್ದರು! ಹೈಕೋರ್ಟ್ ತಡೆ ನೀಡುವಷ್ಟರಲ್ಲಿ ಅನೇಕರ ಸೂರು ಹೋಗಿತ್ತು. ಗರ್ಭಿಣಿಗೆ ಸೂರು ಹೋಯಿತೆಂದರೆ ತಾಯಿ ಕಾರ್ಡು, ಕಬ್ಬಿಣಾಂಶದ ಮಾತ್ರೆ ಎಲ್ಲಾ ಹೋದಂತೆ. ಆಶಾ ಕಾರ್ಯಕರ್ತೆ ಹುಡುಕಿಕೊಂಡು ಬಂದರೂ ವಿಳಾಸವೇ ಇರುವುದಿಲ್ಲ. ಅಂಥ ಹೆಣ್ಣುಮಗಳು ಆಸ್ಪತ್ರೆಯಲ್ಲಿ "ಯಾವ ಊರು?" ಎಂದು ಕೇಳಿದರೂ ಬೆಚ್ಚುತ್ತಾಳೆ.

ನಮ್ಮ ಕಾನೂನು ಇಷ್ಟು ಕಠಿಣವಲ್ಲ. ಬೆಲ್ಜಿಯಂನ ಮಿಷನರಿ ಲೂಯಿಸ್ ಡಿ ರೇಟ್ 1937ರಿಂದ ಭಾರತದಲ್ಲಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಇಲ್ಲಿ ನೆಲೆಸುವ ಹಕ್ಕಿಲ್ಲವೆಂದೇ ತೀರ್ಪಿತ್ತಿತು. (ನಮಗೆ ಅದು ನೋವಿನ ತೀರ್ಪೇ.) ಆದರೆ ಸಂವಿಧಾನದ 21ನೇ ವಿಧಿಯಂತೆ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ವಿದೇಶೀಯನಿಗೂ ಉಂಟೆಂದು ಅದೇ ತೀರ್ಪು ಹೇಳಿತು. ಆ ವಿಧಿಯಲ್ಲಿರುವುದು 'ವ್ಯಕ್ತಿ' ಎಂಬ ಪದ, 'ನಾಗರಿಕ' ಎಂದಲ್ಲ.

ಬ್ಯಾಡರಹಳ್ಳಿಯ ಸುತ್ತಮುತ್ತ ಇಟ್ಟಿಗೆ ಹೊರುವ, ಮನೆಗೆಲಸಕ್ಕೆ ಬರುವ ಹೊರರಾಜ್ಯದ ಹೆಣ್ಣುಮಕ್ಕಳನ್ನು ನೀವು ಬಲ್ಲಿರಿ. ಅವರಲ್ಲಿ ಯಾರಾದರೂ ಬಸುರಿಯಾಗಿದ್ದರೆ, ಕಾಗದಪತ್ರ ಕೇಳುವ ಮೊದಲು ತಪಾಸಣೆ ಆಯಿತೇ ಎಂದು ಕೇಳಿ. ಒಬ್ಬಳೇ ಹೋಗಲು ಹೆದರಿದರೆ ಮನೆಯ ಹೆಂಗಸರೊಬ್ಬರು ಜೊತೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಿಬರಲಿ. ಆ ದಿನದ ಕೂಲಿ ಹಿಡಿಯಬೇಡಿ.