ಯಾವ ಬೋರ್ಡನ್ನು ಕೊಳ್ಳಬೇಕು?

ಪಾಂಡವಪುರದವರಿಗೆ ವಿಶ್ವೇಶ್ವರಯ್ಯ ನಾಲೆಯುಂಟು; ನಾಗಮಂಗಲದ ನಮಗೆ ಕೊಳವೆಬಾವಿಯ ಹನಿಹನಿಯೂ ಲೆಕ್ಕ. ಆದುದರಿಂದ ಮಣ್ಣಿನ ತೇವವನ್ನು ಅಳೆಯುವ ಸಾಧನವೊಂದನ್ನು ಮಾಡಲು ಹೊರಟೆನು. ಆಗ ಎದುರಾದುದೇ ಈ ಪ್ರಶ್ನೆ.

ಆರ್ಡುಯಿನೋ ಊನೋ ಆರ್-3ರ ಮುಖ್ಯ ಚಿಪ್ಪು ಯು.ಎಸ್.ಬಿ. ಭಾಷೆಯನ್ನು ತಾನೇ ಅರಿಯದು. ನಡುವೆ ದುಭಾಷಿಯಂತೆ ಇನ್ನೊಂದು ಚಿಪ್ಪು ಬೇಕು. 2012ರ ಲಿಯೊನಾರ್ಡೋದಲ್ಲಿಯೂ 2021ರ ರಾಸ್ಪ್‌ಬೆರಿ ಪೈ ಪಿಕೋದಲ್ಲಿಯೂ ಆ ವಿದ್ಯೆ ಮುಖ್ಯ ಚಿಪ್ಪಿನೊಳಗೇ ಅಡಕವಾಗಿದೆ. ಪಿಕೋವಿನ ಗುಂಡಿಯನ್ನು ಒತ್ತಿ ಹಿಡಿದು ಕಂಪ್ಯೂಟರಿಗೆ ಜೋಡಿಸಿದರೆ ಅದು ಪೆನ್‌ಡ್ರೈವಿನಂತೆ ಕಾಣುತ್ತದೆ. ಪ್ರೋಗ್ರಾಮಿನ ಕಡತವನ್ನು ಅದರೊಳಕ್ಕೆ ಹಾಕಿದರಾಯಿತು. ಇದಕ್ಕೆ ಮರುಳಾಗಿ ಪಿಕೋವನ್ನೇ ಕೊಂಡೆನು.

ಆದರೆ ಅದರ ಕಾಲುಗಳಿಗೆ ಹೊಂದುವುದು 3.3 ವೋಲ್ಟ್, ನನ್ನ ಸಂವೇದಕವೋ 5 ವೋಲ್ಟಿನದು. ಆತುರದಲ್ಲಿ ನೇರವಾಗಿ ಜೋಡಿಸಿ ಒಂದು ಬೋರ್ಡನ್ನು ಕೆಡಿಸಿದೆನು. ಲಿಯೊನಾರ್ಡೋ ಆಗಿದ್ದರೆ 5 ವೋಲ್ಟನ್ನು ತಾಳುತ್ತಿತ್ತು. ಎರಡನೆಯ ಪಿಕೋವಿಗೆ ಎರಡು ರೆಸಿಸ್ಟರುಗಳಿಂದ ವೋಲ್ಟೇಜನ್ನು ತಗ್ಗಿಸಿ ಕೊಟ್ಟಿದ್ದೇನೆ. ಅದು ಈಗ ಹೊಲದಲ್ಲಿದೆ.